ನಾಲ್ಕು ಮಂದಿ ಮಹಾರುದ್ರಪ್ಪ, ಒಂದು ಫಿಯಾಟ್ ಗಾಡಿ

ಬಸವಕಲ್ಯಾಣದ ಬಟ್ಟೆ ಅಂಗಡಿ ಮಹಾರುದ್ರಪ್ಪನವರು ಗಜಕಡ್ಡಿ ಹಿಡಿದರೆ ಕೂದಲೆಳೆಯಷ್ಟೂ ತಪ್ಪುತ್ತಿರಲಿಲ್ಲ. ದೇಶಕ್ಕೆ ಮೀಟರು ಬಂದು ಹದಿನೈದು ವರ್ಷವಾಗಿದ್ದರೂ ಅವರ ಬಾಯಲ್ಲಿ ಗಜವೇ. ಅವರು ಹರಿದ ಬಟ್ಟೆಯ ಅಂಚು ಹಿಡಿದು ಗೌಂಡಿಗಳು ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡುತ್ತಿದ್ದರು ಅಂದರೆ ನೀವು ನಂಬಲಿಕ್ಕಿಲ್ಲ. ಪೂರ್ತಿ ನಂಬಬೇಡಿ, ಅರ್ಧ ನಂಬಿದರೂ ಸಾಕು.

ಅದೇ ಮನುಷ್ಯ ಸ್ಟೇರಿಂಗ್ ಹಿಡಿದರೆ ಕಥೆಯೇ ಬೇರೆ.

ಅವರ ಹತ್ತಿರ ಒಂದು ಹಳೇ ಫಿಯಾಟ್ ಇತ್ತು. ಬಣ್ಣ ಒಂದು ಕಾಲಕ್ಕೆ ನೀಲಿ. ದಿನಾ ಬೆಳಿಗ್ಗೆ ಅದರಲ್ಲಿ ಹೆಂಡತಿ ಸಂಗಮ್ಮನವರನ್ನು ರಾಜೇಶ್ವರಕ್ಕೆ ಬಿಟ್ಟು ಬಂದು ಅಂಗಡಿ ತೆರೆಯುತ್ತಿದ್ದರು. ಸಂಗಮ್ಮನವರು ರಾಜೇಶ್ವರದಲ್ಲಿ ಸರ್ಕಾರಿ ನರ್ಸ್. ಸುತ್ತಲಿನ ಹತ್ತು ಹಳ್ಳಿಯ ಅರ್ಧ ಮಕ್ಕಳು ಮೊದಲು ನೋಡಿದ್ದು ಅವರ ಮುಖವನ್ನೇ. ಹೆರಿಗೆ ಕಠಿಣ ಅನ್ನಿಸಿದರೆ ಗಂಡನಿಗೆ ಹೇಳಿಕಳಿಸಿ, ಬಾಣಂತಿಯಾಗಬೇಕಾದವಳನ್ನು ಅದೇ ಫಿಯಾಟಿನ ಹಿಂದಿನ ಸೀಟಿನ ಮೇಲೆ ಮಲಗಿಸಿಕೊಂಡು ಕಲ್ಯಾಣದ ದವಾಖಾನೆಗೆ ತರುವುದೂ ಇತ್ತು. ಹೀಗಾಗಿ ಆ ಗಾಡಿ ಹೆಸರಿಗೆ ಮಹಾರುದ್ರಪ್ಪನದು, ಕೆಲಸಕ್ಕೆ ಸಂಗಮ್ಮನದು.

ಆದರೆ ವರ್ಷಕ್ಕೊಂದು ಐತವಾರ ಅದು ಪೂರಾ ಮಹಾರುದ್ರಪ್ಪನದಾಗುತ್ತಿತ್ತು.

1972ರಲ್ಲಿ ಹುಮನಾಬಾದಿನ ಲಾರಿ ಮಾಲಿಕರು, ಜೀಪಿನ ಗುತ್ತಿಗೆದಾರರು, ಒಬ್ಬಿಬ್ಬರು ಡಾಕ್ಟರು ಸೇರಿ ಒಂದು ಮೋಟಾರ್ ಮಂಡಳಿ ಕಟ್ಟಿದರು. ಕಬ್ಬಿನ ಹಂಗಾಮಿನಲ್ಲಿ, ಊರ ಹೊರಗಿನ ಮೊರಮು ಮಣ್ಣಿನ ಮೈದಾನದಲ್ಲಿ ಎಂಟು ಖಾಲಿ ಡ್ರಮ್ಮು ಸಾಲಾಗಿ ನಿಲ್ಲಿಸಿ ಗಾಡಿಗಳನ್ನು ಒಂದೊಂದಾಗಿ ಬಿಡುತ್ತಿದ್ದರು. ಡ್ರಮ್ಮಿನ ನಡುನಡುವೆ ಹಾವಿನ ಹಾಗೆ ಹೊರಳಿ, ಎಂಟನೆಯದನ್ನು ಸುತ್ತಿ, ಮತ್ತೆ ಹೊರಳುತ್ತ ವಾಪಸ್ಸು ಬರಬೇಕು. ಒಬ್ಬೊಬ್ಬರಿಗೆ ಎರಡು ಸುತ್ತು. ಡ್ರಮ್ಮು ಮುಟ್ಟಿದರೆ ಐದು ಸೆಕೆಂಡು ದಂಡ. ಒಂದು ನಿಮಿಷದೊಳಗೆ ಬಂದವರ ಹೆಸರನ್ನು ಮಂಡಳಿ ಹೈದರಾಬಾದಿನ ದೊಡ್ಡ ಸ್ಪರ್ಧೆಗೆ ಕಳಿಸುತ್ತಿತ್ತು. ಗಡಿಯಾರ ಹಿಡಿಯುವ ಕೆಲಸ ನನಗೆ ಕೊಟ್ಟಿದ್ದರು, ಯಾಕೆಂದರೆ ಮಂಡಳಿಯಲ್ಲಿ ಗಾಡಿ ಇಲ್ಲದವನು ನಾನೊಬ್ಬನೇ.

ಐವತ್ತು ತುಂಬಿದವರಿಗೆ ಪ್ರವೇಶ ಇಲ್ಲ ಅನ್ನುವ ಕಾಯ್ದೆಯೂ ಇತ್ತು. ಮೊದಲನೇ ವರ್ಷ ಒಬ್ಬ ಹಿರಿಯರು ಐದನೇ ಡ್ರಮ್ಮಿನ ಹತ್ತಿರ ಗಾಡಿ ನಿಲ್ಲಿಸಿ, ನೆರಳು ಚೆನ್ನಾಗಿದೆ ಅಂತ ಒಂದು ನಿದ್ದೆ ತೆಗೆದಿದ್ದರು. ಗಡಿಯಾರ ನನ್ನ ಕೈಯಲ್ಲೇ ಮುದಿಯಾಯಿತು. ಆವತ್ತಿನಿಂದ ಈ ಕಾಯ್ದೆ.

ಮಹಾರುದ್ರಪ್ಪ ಐದು ವರ್ಷ ಓಡಿಸಿದರು. ಐದೂ ವರ್ಷ ಹೈದರಾಬಾದು ಇದ್ದಲ್ಲೇ ಇತ್ತು. 1977ಕ್ಕೆ ಅವರಿಗೆ ನಲವತ್ತೆಂಟು. ಅಂದರೆ ಇನ್ನು ಎರಡೇ ಸಲ. ಆ ಲೆಕ್ಕ ತಲೆಗೆ ಹೊಕ್ಕ ದಿನ ಅವರು ಅಂಗಡಿ ಮುಚ್ಚಿ ನೇರ ಹುಮನಾಬಾದಿಗೆ, ಗುಲಾಮ್ ರಸೂಲ್ ಉಸ್ತಾದರ ಗ್ಯಾರೇಜಿಗೆ ಬಂದರು.

ಗುಲಾಮ್ ರಸೂಲ್ ಉಸ್ತಾದರು ಹೆದ್ದಾರಿ ಬದಿಯ ಮೆಕ್ಯಾನಿಕ್. ಅರವತ್ತು ದಾಟಿದ ಮನುಷ್ಯ. ಸೊಲ್ಲಾಪುರದಿಂದ ಹೊರಟ ಲಾರಿಯ ಸಪ್ಪಳ ಇಲ್ಲಿ ಕೂತು ಕೇಳಿ, ಅದರ ಎಷ್ಟನೇ ಪಿಸ್ಟನ್ನಿಗೆ ನೆಗಡಿ ಆಗಿದೆ ಅಂತ ಹೇಳುತ್ತಿದ್ದರು.

"ಉಸ್ತಾದ್ರ, ಈ ಸಲ ಗಾಡಿ ಪೂರಾ ಬದಲಾಗಬೇಕ್ರಿ," ಅಂದರು ಮಹಾರುದ್ರಪ್ಪ. "ಸ್ಪ್ರಿಂಗ್ ಕಡೀರಿ. ಸೈಲೆನ್ಸರ್ ತೆಗೀರಿ. ಕಾರ್ಬೊರೇಟರ್ ದೊಡ್ಡದು ಹಾಕ್ರಿ."

ಉಸ್ತಾದರು ಚಹಾದ ಬಟ್ಟಲು ಕೆಳಗಿಟ್ಟರು. "ಹೋದ ವರ್ಷ ಎಷ್ಟ ಬಂತು ಸಾವಕಾರ್ರ?"

"ಅರವತ್ತೊಂಬತ್ತು ಸೆಕೆಂಡು."

"ಅದು ಒಂದ ಸುತ್ತು. ಇನ್ನೊಂದು?"

"ಎಂಬತ್ತೊಂದು. ಒಂದು ಡ್ರಮ್ ಅಡ್ಡ ಬಂತ್ರಿ."

"ಡ್ರಮ್ ಅಡ್ಡ ಬಂತಾ? ಅದಕ್ಕ ಲೈಸೆನ್ಸ್ ಇರಲಿಕ್ಕಿಲ್ಲ, ಪಾಪ. ಅದರ ಹಿಂದಿನ ವರ್ಷ?"

"ಒಮ್ಮೆ ಅರವತ್ತಾರು, ಒಮ್ಮೆ ಎಪ್ಪತ್ನಾಕು."

ಉಸ್ತಾದರು ಫಿಯಾಟಿನ ಕಿಟಕಿಯೊಳಗೆ ತಲೆ ಹಾಕಿ, ಯಾರನ್ನೋ ಹುಡುಕುವವರ ಹಾಗೆ ಸೀಟು ಸೀಟು ನೋಡಿದರು. "ಈ ಗಾಡ್ಯಾಗ ನಾಕ ಮಂದಿ ಮಹಾರುದ್ರಪ್ಪ ಕುಂತಾರ ನೋಡ್ರಿ. ಒಬ್ಬಾಂವ ಅರವತ್ತಾರರಾಂವ, ಒಬ್ಬಾಂವ ಎಂಬತ್ತೊಂದರಾಂವ. ಇವರ ಪೈಕಿ ಯಾರ ಅಳತಿಗೆ ಗಾಡಿ ಹೊಲೀಲಿ? ನಿಮ್ಮ ಅಂಗಡಿಗೆ ಬಂದ ಗಿರಾಕಿ ಒಂದೊಂದ ಉಸಿರಿಗೆ ಒಂದೊಂದ ಅಳತಿ ಆದ್ರ ನೀವು ಬಟ್ಟಿ ಹರೀತೀರೇನು?"

"ಹಂಗಂದ್ರ ಕೈ ಹಚ್ಚೂದ ಇಲ್ಲೇನ್ರಿ?"

"ಹಚ್ಚತೀನಿ. ಮೂರು ಸುತ್ತು ಬೆನ್ನಬೆನ್ನಿಗೆ ಹೊಡದು ತೋರಸ್ರಿ. ಮೂರಕ್ಕೂ ಒಂದ ಸೆಕೆಂಡಿಗಿಂತ ಜಾಸ್ತಿ ಫರಕ ಇರಬಾರದು. ಆವತ್ತ ನಾ ಸ್ಪ್ಯಾನರ್ ಪಾನಾ ಹಿಡೀತೀನಿ. ಅಲ್ಲೀತನಕ ಆಯಿಲ್, ಹವಾ, ಬ್ರೇಕ್. ಬಸ್."

ಮಹಾರುದ್ರಪ್ಪನಿಗೆ ಸಿಟ್ಟು ಬಂತು. ಚಹಾ ಕುಡಿಯದೆ ಎದ್ದರು. ಉಸ್ತಾದರ ಚಹಾ ಬಿಟ್ಟು ಎದ್ದವರು ನಿಜಾಮನ ಕಾಲದಿಂದ ಯಾರೂ ಇರಲಿಲ್ಲವಂತೆ.

ಅಲ್ಲಿಂದ ಅವರು ಹತ್ತಿರದ ಹುಡಗಿ ಅನ್ನುವ ಊರಿಗೆ ಹೋದರು, ಗೆಳೆಯ ದಿಗಂಬರನ ಕಬ್ಬಿನ ಗಾಣಕ್ಕೆ. ದಾರಿಯಲ್ಲಿ ಮುಂದೆ ಎರಡು ಟ್ರ್ಯಾಕ್ಟರ್. ಒಂದರ ಟ್ರೇಲರು ಖಾಲಿ, ಅದು ತಗ್ಗು ಬಂದಲ್ಲೆಲ್ಲ ಕರುವಿನ ಹಾಗೆ ಕುಣಿಯುತ್ತ ಅತ್ತಿತ್ತ ಜಾರುತ್ತಿತ್ತು. ಇನ್ನೊಂದರ ತುಂಬ ಕಬ್ಬು, ಅದು ನೆಲ ಕಚ್ಚಿಕೊಂಡು ಗಂಭೀರವಾಗಿ ಹೋಗುತ್ತಿತ್ತು. ಮಹಾರುದ್ರಪ್ಪನ ತಲೆಯಲ್ಲಿ ಬೆಳಕು ಬಿತ್ತು. ನನ್ನ ಗಾಡಿ ಜಾರುವುದು ಹಿಂದೆ ಭಾರ ಇಲ್ಲದ್ದಕ್ಕೆ! ಇದಕ್ಕೆ ಉಸ್ತಾದ ಯಾಕೆ, ಪಾನಾ ಯಾಕೆ?

ಭಾರ ಅಂದರೆ ಉಸುಕಿನ ಚೀಲ ಹಾಕಬಹುದಿತ್ತು. ಆದರೆ ಸ್ಪರ್ಧೆಗೆ ಬಂದ ಗಾಡಿಯ ಡಿಕ್ಕಿಯಲ್ಲಿ ಉಸುಕು ಕಂಡರೆ ಜನ ಯಾಕೆ ಅಂತ ಕೇಳುತ್ತಾರೆ. ಬೆಲ್ಲ ಕಂಡರೆ ಕೇಳುವುದಿಲ್ಲ. ಹಂಗಾಮಿನಲ್ಲಿ ನಮ್ಮ ಕಡೆ ಡಿಕ್ಕಿಯಲ್ಲಿ ಬೆಲ್ಲ ಇಲ್ಲದಿದ್ದರೇ ಅನುಮಾನ. ಹೀಗೆ ವಿಚಾರ ಮಾಡಿ, ಸ್ಪರ್ಧೆಯ ದಿನ ಬೆಳಿಗ್ಗೆ ದಿಗಂಬರನ ಗಾಣದಿಂದ ಹತ್ತತ್ತು ಕಿಲೋದ ಹನ್ನೆರಡು ಪೆಂಟಿ ಹೊಸ ಬೆಲ್ಲ ತಂದು ಡಿಕ್ಕಿಯಲ್ಲಿ ಜೋಡಿಸಿದರು. ಅವು ಇನ್ನೂ ಪೂರ್ತಿ ಆರಿರಲಿಲ್ಲ. ಕೆಳಗೇ ಸೈಲೆನ್ಸರ್ ಕೊಳವೆ ಹೋಗುತ್ತದೆ ಅನ್ನುವುದು ಅವರ ನೆನಪಿನಲ್ಲಿರಲಿಲ್ಲ.

ನಾನು ಬಾವುಟ ಇಳಿಸಿದೆ. ಫಿಯಾಟಿನ ಮೂತಿ ಆಕಾಶ ನೋಡುತ್ತ ಹೊರಟಿತು. ಮೊದಲನೇ ಡ್ರಮ್ಮು ದಾಟಿತು. ಎರಡನೆಯದಕ್ಕೆ ತಿರುಗಿಸಿದರು ನೋಡಿ, ಮುಂದಿನ ಗಾಲಿ ತಿರುಗಿದವು, ಹಿಂದಿನ ಬೆಲ್ಲ ತಿರುಗಲಿಲ್ಲ. ಬಾಲ ಬೀಸಿದ ರಭಸಕ್ಕೆ ಗಾಡಿ ಒಂದು ಪೂರ್ತಿ ಗಿರಕಿ ಹೊಡೆದು, ಮತ್ತೂ ಅರ್ಧ ಹೊಡೆದು, ಮೂತಿ ಕಲ್ಯಾಣದ ಕಡೆ ಮಾಡಿ ನಿಂತಿತು. ಮನೆಗೆ ಹೋಗೋಣ ಅಂದ ಹಾಗೆ. ಎದ್ದ ಮೊರಮಿನ ಧೂಳಿನಲ್ಲಿ ಮಂಡಳಿಯ ಅಧ್ಯಕ್ಷರು ಕಾಲು ಗಂಟೆ ಕಾಣಿಸಲಿಲ್ಲ. ಹೇಗೋ ತಿರುಗಿಸಿಕೊಂಡು ಸುತ್ತು ಮುಗಿಸಿದ ಸಮಯ, ತೊಂಬತ್ತೆಂಟು ಸೆಕೆಂಡು. ಎರಡನೇ ಸುತ್ತಿಗೆ ಹೊರಡುವ ಹೊತ್ತಿಗೆ ಡಿಕ್ಕಿಯಿಂದ ಪಾಕ ಸೋರಲು ಸುರುವಾಗಿತ್ತು. ಮಹಾರುದ್ರಪ್ಪ ತಾವೇ ಹೆಸರು ಹಿಂದಕ್ಕೆ ತೆಗೆದುಕೊಂಡರು.

ದಿಗಂಬರ ಡಿಕ್ಕಿ ನೋಡಿ ಹಣೆ ಬಡಿದುಕೊಂಡ. "ನಾ ಬೆಲ್ಲ ಕೊಟ್ಟಿದ್ದು ಉಂಡಿ ಕಟ್ಟಾಕೋ, ಗಾಡಿ ಕಟ್ಟಾಕೋ?"

ಆ ರಾತ್ರಿ ಕಳೆದು ಬೆಳಗಾಗುವುದರೊಳಗೆ ಹುಮನಾಬಾದಿನಿಂದ ಬಸವಕಲ್ಯಾಣದವರೆಗಿನ ಅಷ್ಟೂ ಇರುವೆಗಳು ರಸ್ತೆ ಹಿಡಿದು ಬಂದು ಫಿಯಾಟ್ ಸೇರಿದ್ದವು. ಹಿಂದೆ ಉಳಿದದ್ದು ಕುಂಟ ಇರುವೆಗಳು ಮಾತ್ರ. ಇಷ್ಟಾದರೆ ನಕ್ಕು ಬಿಡಬಹುದಿತ್ತು. ಆದರೆ ಮರುದಿನವೇ ರಾಜೇಶ್ವರದ ಸರುಬಾಯಿಗೆ ಹೆರಿಗೆ ಬ್ಯಾನಿ ಸುರುವಾಗಿ, ಮಗು ಅಡ್ಡ ಇದೆ ಅಂತ ಸಂಗಮ್ಮ ಅವಳನ್ನು ಅದೇ ಗಾಡಿಯಲ್ಲಿ ಕಲ್ಯಾಣಕ್ಕೆ ತರಬೇಕಾಯಿತು. ಅರ್ಧ ದಾರಿಗೆ ಸರುಬಾಯಿ ಅಂದಳಂತೆ:

"ಬಾಯಾರ, ಬ್ಯಾನಿ ತಡಕೋತೀನ್ರಿ. ಈ ಇರುವಿ ಕಡ್ಯಾಕತ್ತಾವಲ್ಲಾ, ಇವನ್ನ ತಡಕೊಳ್ಳಾಕ ಆಗವಲ್ದು."

ತಾಯಿ ಮಗು ಇಬ್ಬರೂ ಆರಾಮಾಗಿ ಉಳಿದರು. ಸಂಗಮ್ಮ ಮಾತ್ರ ಮನೆಗೆ ಬಂದು ಬಿಳೀ ಸೀರೆಯ ನಿರಿಗೆಯಿಂದ ಇರುವೆ ಕೊಡವುತ್ತ, ದನಿ ಏರಿಸದೆ ಮಾತಾಡಿದರು. ಅವರು ದನಿ ಏರಿಸದಿದ್ದರೆ ಹೆದರಬೇಕು.

"ಇನ್ನೊಂದ ವರ್ಷ ಅದ ಅಲ್ಲರಿ ನಿಮಗ? ಆಡ್ರಿ. ಆದ್ರ ಗಾಡಿಗೆ ಏನ ಮಾಡಿದ್ರೂ, ಮರುದಿನ ಮುಂಜಾನೆ ಅದರಾಗ ನಾ ಒಬ್ಬ ಬಸುರಿನ್ನ ಕೂಡಿಸೂ ಹಂಗಿರಬೇಕು. ಇಲ್ಲಂದ್ರ ಮುಂದಿನ ವರ್ಷ ಎತ್ತಿನ ಬಂಡಿ ಓಡಸ್ರಿ."

"ಉಸ್ತಾದ ಕೈನ ಹಚ್ಚವಲ್ಲ, ನಾ ಏನ ಮಾಡ್ಲಿ?" ಅಂದು, ಮಹಾರುದ್ರಪ್ಪ ನಾಲ್ಕು ಮಂದಿಯ ಕಥೆ ಹೇಳಿದರು.

ಸಂಗಮ್ಮ ಇರುವೆ ಕೊಡವುವುದನ್ನು ನಿಲ್ಲಿಸಿದರು. "ಉಸ್ತಾದರು ಬರೋಬ್ಬರಿ ಹೇಳ್ಯಾರ. ನಾಕ ಮಂದಿನ್ನ ಹೊರಗ ಹಾಕೂಣು. ಯಾರು ಉಳೀತಾರ ನೋಡೂಣು."

ದೀಪಾವಳಿ ಮುಗಿದ ಮೇಲೆ ಪ್ರತಿ ಐತವಾರ ಗಂಡ ಹೆಂಡತಿ ಹುಡಗಿಗೆ ಹೊರಟರು. ದಿಗಂಬರನ ಬೀಳು ಹೊಲದಲ್ಲಿ ಡ್ರಮ್ಮಿನ ಬದಲು ಹೊಟ್ಟು ತುಂಬಿದ ಎಂಟು ಚೀಲ. ಸಂಗಮ್ಮನ ಕೈಗೆ ನಾಡಿ ಎಣಿಸುವ ಸೆಕೆಂಡ್ ಮುಳ್ಳಿನ ಗಡಿಯಾರ. ಮೊದಲ ಐತವಾರದ ಸಮಯ: ಎಪ್ಪತ್ತೆರಡು, ಅರವತ್ತೇಳು, ಎಂಬತ್ತು. ದಿಗಂಬರ ಬದುವಿನ ಮೇಲೆ ಕೂತು, "ಇವತ್ತ ಐದನೇ ಮಹಾರುದ್ರಪ್ಪನೂ ಬಂದಾನ ನೋಡ್ರಿ ವೈನಿ," ಅಂದ.

ಮೂರನೇ ಐತವಾರ ಸಂಗಮ್ಮ ಬದುವಿನಿಂದ ಎದ್ದು ಗಾಡಿಯೊಳಗೆ, ಗಂಡನ ಪಕ್ಕ ಕೂತರು. ಹೊರಗಿನಿಂದ ತಿಳಿಯುವುದಿಲ್ಲ, ಒಳಗಿನಿಂದ ನೋಡಬೇಕು ಅಂದರು. ಗಾಡಿ ಹೊರಟಿತು. ಒಂದನೇ ಚೀಲ ಸರಿ. ಎರಡನೆಯದು ಬರುತ್ತಲೂ ಮಹಾರುದ್ರಪ್ಪನ ದವಡೆ ಕಚ್ಚಿತು, ಭುಜ ಕಿವಿಗೆ ಏರಿತು, ಎದೆ ಉಬ್ಬಿ ಅಲ್ಲೇ ನಿಂತಿತು. ಕಣ್ಣು ಆ ಚೀಲವನ್ನು ಬಿಟ್ಟು ಕದಲಲಿಲ್ಲ. ಕಾಲು ಒಮ್ಮೆ ಬ್ರೇಕಿಗೆ, ಒಮ್ಮೆ ರೇಸಿಗೆ ಜಿಗಿಯತೊಡಗಿತು. ಇಪ್ಪತ್ತೆರಡು ವರ್ಷ ಇದೇ ಮುಖವನ್ನು ಬೇರೆ ಕಡೆ ನೋಡಿದ್ದ ಸಂಗಮ್ಮನ ಬಾಯಿಂದ ರೂಢಿಯ ಮಾತೇ ಹೊರಬಿತ್ತು.

"ಉಸಿರ ಬಿಡವ್ವಾ! ಬಿಡು! ಹಿಡೀಬ್ಯಾಡ, ಬಿಡು!"

ಮಹಾರುದ್ರಪ್ಪ ಗಾಬರಿಯಿಂದ ಉಸಿರು ಬಿಟ್ಟರು. ಭುಜ ಇಳಿಯಿತು. ಗಾಡಿ ಬೆಣ್ಣೆಯಲ್ಲಿ ಚಾಕು ಹೋದ ಹಾಗೆ ಮೂರನೇ ಚೀಲ ದಾಟಿತು.

"ಯಾರಿಗೆ ಅವ್ವಾ ಅಂದಿ?" ಅಂತ ಗಾಡಿ ನಿಂತ ಮೇಲೆ ಕೇಳಿದರು.

"ಯಾರ ಉಸಿರ ಹಿಡೀತಾರ ಅವರಿಗೆ," ಅಂದರು ಸಂಗಮ್ಮ. "ಪ್ರತಿಯೊಂದ ಚೀಲಕ್ಕ ಒಂದೊಂದ ಹೆರಿಗಿ ಮಾಡಾಕತ್ತೀರಿ ನೀವು. ಒಂದೊಂದ ಸಲ ಒಂದೊಂದ ಚೀಲಕ್ಕ ಹೆದರತೀರಿ, ಅದಕ್ಕ ಸಮಯನೂ ಒಂದೊಂದ ಸಲ ಒಂದೊಂದು. ಎದುರಿನ ಚೀಲ ನೋಡಬ್ಯಾಡ್ರಿ, ಮುಂದಿಂದ ನೋಡ್ರಿ. ಮತ್ತ ತಿರುವಿಗೊಮ್ಮೆ ಉಸಿರ ಬಿಡ್ರಿ."

ಆಮೇಲಿನ ಎರಡು ತಿಂಗಳು ಹುಡಗಿಯ ಹೊಲಗಳಲ್ಲಿ ಐತವಾರ ಯಾರೂ ರೇಡಿಯೊ ಹಚ್ಚಲಿಲ್ಲ. ಉಸಿರ ಬಿಡವ್ವಾ ಅನ್ನುವ ಕೂಗಿಗೆ ದಿಗಂಬರನ ಎಮ್ಮೆಗಳೆಲ್ಲ ದಿನ ತುಂಬುವ ಮೊದಲೇ ಸುಸೂತ್ರ ಈದವು. ನಡುನಡುವೆ ಮಹಾರುದ್ರಪ್ಪ ಸೋತು ಕೂತದ್ದೂ ಉಂಟು. ಹೊಸ ವರ್ಷದ ಹೊತ್ತಿಗೆ ಒಂದು ಐತವಾರ ಎಪ್ಪತ್ತೆಂಟು ಬಂದಾಗ, ಬಾಗಿಲು ಧಡ್ಡನೆ ಹಾಕಿ, "ನಾ ಗಜಕಡ್ಡಿ ಹಿಡಿಯಾಕ ಹುಟ್ಟಿದಾಂವ, ಇದು ನನ್ನ ಕೆಲಸ ಅಲ್ಲ," ಅಂದು ಬದುವಿನ ಮೇಲೆ ಕೂತರು. ಸಂಗಮ್ಮ ಸಮಾಧಾನ ಹೇಳಲಿಲ್ಲ. ರೊಟ್ಟಿ ಗಂಟು ಬಿಚ್ಚಿ ಕೊಟ್ಟರು, ಉಣ್ಣುವ ತನಕ ಕಾದರು, ಮತ್ತೆ ಗಡಿಯಾರ ನೋಡಿದರು. ಅಷ್ಟೇ. ಮಧ್ಯಾಹ್ನದ ಮೊದಲ ಸುತ್ತು ಅರವತ್ತಾರಕ್ಕೆ ಬಂತು.

ಸಂಕ್ರಾಂತಿ ಕಳೆದ ಐತವಾರ ಅವರು ಉಸ್ತಾದರನ್ನು ಹೊಲಕ್ಕೆ ಕರೆತಂದರು. ಉಸ್ತಾದರು ಸಂಗಮ್ಮನ ಗಡಿಯಾರ ತಾವೇ ತೆಗೆದುಕೊಂಡರು. ಮೂರು ಸುತ್ತು. ಅರವತ್ನಾಲ್ಕೂವರೆ. ಅರವತ್ನಾಲ್ಕು. ಅರವತ್ನಾಲ್ಕೂವರೆ.

ಉಸ್ತಾದರು ಗಡಿಯಾರವನ್ನು ಕಿವಿಗೆ ಹಿಡಿದು ನಡೆಯುತ್ತಿದೆಯೋ ಇಲ್ಲವೋ ಪರೀಕ್ಷಿಸಿದರು. ಆಮೇಲೆ ಮೊದಲಿನ ಹಾಗೇ ಕಿಟಕಿಯೊಳಗೆ ತಲೆ ಹಾಕಿದರು. "ಮಾಶಾ ಅಲ್ಲಾಹ್. ಒಬ್ಬನ ಅದಾನ."

"ಈಗ ಕಾರ್ಬೊರೇಟರ್ ಹಾಕ್ತೀರಿಲ್ರಿ?"

"ತಡೀರಿ ಸಾವಕಾರ್ರ. ಇಷ್ಟ ದಿವಸ ಗಾಡಿ ಏನ ಹೇಳಾಕತ್ತಿತ್ತು ಅಂತ ನನಗ ಕೇಳಸ್ತಿರಲಿಲ್ಲ, ನಿಮ್ಮ ಗದ್ದಲಾನ ಭಾಳ ಇತ್ತು. ಈಗ ಕೇಳಸಾಕತ್ತದ. ಮೂರೂ ಸುತ್ತಿನ್ಯಾಗ ಅದ ಆರನೇ ಚೀಲಕ್ಕ, ಅದ ಜಾಗಾಕ್ಕ, ಮುಂದಿನ ಗಾಲಿ ಜಾರಿದ್ವು. ಒಂದ ಸಲ ಜಾರಿದ್ರ ಅದು ನಿಮ್ಮ ತಪ್ಪು. ಮೂರು ಸಲಾನೂ ಅಲ್ಲೇ ಜಾರಿದ್ರ ಗಾಡಿ ಏನೋ ಕೇಳಾಕತ್ತದ ಅಂತ."

ಗಾಡಿ ಕೇಳಿದ್ದು ಭಾಳ ಸಣ್ಣದು. ಮುಂದಿನ ಎರಡು ಟಾಯರು ಬೋಳಾಗಿದ್ದವು, ಹೊಸವು ಬಂದವು. ಸ್ಟೇರಿಂಗಿನ ಸಡಿಲು ಬಿಗಿಯಾಯಿತು. ಮಹಾರುದ್ರಪ್ಪ ಗಿಡ್ಡ ಮನುಷ್ಯ, ಬಾನೆಟ್ಟಿನಾಚೆ ಅವರಿಗೆ ನೆಲವೇ ಕಾಣುತ್ತಿರಲಿಲ್ಲ. ಆರು ವರ್ಷ ಡ್ರಮ್ಮುಗಳನ್ನು ಅಂದಾಜಿನ ಮೇಲೇ ಸುತ್ತಿದ್ದರು. ಸೀಟಿನ ಕೆಳಗೆ ಉಸ್ತಾದರು ಒಂದು ಸಾಗವಾನಿ ಹಲಗೆ ಕೂಡಿಸಿದರು. ಇಷ್ಟೇ. ಮುಂದಿನ ಐತವಾರ ಅರವತ್ತೊಂದೂವರೆ, ಮೂರು ಸಲ. ಇನ್ನು ಹಿಂದಿನ ಸೀಟು ತೆಗೆದರೆ ಹಗುರಾಗುತ್ತದೆ ಅಂದರು ಉಸ್ತಾದರು. ಸಂಗಮ್ಮನ ಒಪ್ಪಿಗೆ ಬೇಕಾಯಿತು. ಸ್ಪರ್ಧೆಯ ದಿನ ಮುಂಜಾನೆ ತೆಗೆದು, ಅದೇ ಸಂಜೆ ಮತ್ತೆ ಕೂಡಿಸುವ ಕರಾರಿನ ಮೇಲೆ ಕೊಟ್ಟರು.

1978ರ ಸ್ಪರ್ಧೆ. ಮೈದಾನದ ತುಂಬ ಜನ. ಬೆಲ್ಲದ ಸುದ್ದಿ ವರ್ಷದುದ್ದಕ್ಕೂ ತಿರುಗಿ, ನಾಲ್ಕು ತಾಲೂಕಿನವರು ನೋಡಲು ಬಂದಿದ್ದರು. ಒಬ್ಬ ಚುರಮುರಿಯವನು, "ಸಾವಕಾರ್ರ, ಈ ಸಲ ಡಿಕ್ಕಿಯೊಳಗ ಸಕ್ಕರಿ ಇಟ್ಟೀರೇನ್ರಿ?" ಅಂತ ಕೂಗಿದ.

ಮೊದಲನೇ ಸುತ್ತು ಮುಗಿದಾಗ ನಾನು ಗಡಿಯಾರ ನೋಡಿದೆ. ಅರವತ್ತೂವರೆ. ಇನ್ನರ್ಧ ಸೆಕೆಂಡಿನ ಆಚೆ ಹೈದರಾಬಾದು ನಿಂತಿತ್ತು, ಮತ್ತು ಅದರ ಆಚೆ ಅವರ ಐವತ್ತನೇ ವರ್ಷ ನಿಂತಿತ್ತು.

ಎರಡನೇ ಸುತ್ತಿಗೆ ಅರ್ಧ ಗಂಟೆ ಇತ್ತು. ಉಸ್ತಾದರು ಗಾಡಿಯ ಹತ್ತಿರ ಬಂದು, ಜುಬ್ಬಾದ ಕಿಸೆಯಿಂದ ಒಂದು ಹಿತ್ತಾಳೆಯ ಚೂರು ತೆಗೆದು ಅಂಗೈ ಮೇಲೆ ಇಟ್ಟರು. ಕಾರ್ಬೊರೇಟರಿನ ದೊಡ್ಡ ಜೆಟ್. ಅದನ್ನು ಹಾಕಿದರೆ ಪೆಟ್ರೋಲು ಜಾಸ್ತಿ ಹೋಗುತ್ತದೆ, ಗಾಡಿ ಜಿಗಿಯುತ್ತದೆ.

"ಹತ್ತ ಮಿನಿಟಿನ ಕೆಲಸ," ಅಂದರು. "ನೀವು ಹೂಂ ಅಂದ್ರ ಹಾಕ್ತೀನಿ. ಈಗ ನೀವು ಕೇಳೂ ಹಕ್ಕಿನ ಮನುಷ್ಯಾ. ಹಾಕ್ಲ್ಯಾ?"

ವರ್ಷದಿಂದ ಕಾಡಿ ಬೇಡಿದ ವಸ್ತು ಈಗ ತಾನಾಗಿ ಅಂಗೈ ಮೇಲೆ ಬಂದು ಕೂತಿತ್ತು. ಮಹಾರುದ್ರಪ್ಪ ಅದನ್ನು ಎತ್ತಿಕೊಂಡು ಬಿಸಿಲಿಗೆ ಹಿಡಿದು ನೋಡಿದರು. ಆಮೇಲೆ ಕಣ್ಣು ಮುಚ್ಚಿ, ಮುಗಿದ ಸುತ್ತನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಓಡಿಸಿದರು. ಎಡಕ್ಕೊಮ್ಮೆ ಬಲಕ್ಕೊಮ್ಮೆ ಅವರ ಹೆಗಲು ವಾಲುವುದು ನನಗೆ ಕಾಣುತ್ತಿತ್ತು. ಏಳನೇ ಡ್ರಮ್ಮಿಗೆ ಬಂದಾಗ ಹೆಗಲು ತಡೆಯಿತು.

"ಬ್ಯಾಡ್ರಿ ಉಸ್ತಾದ್ರ," ಅಂದರು. "ಏಳನೇದಕ್ಕ ನಾ ಚುರಮುರಿಯವನ ಮಾತು ನೆನಸಿ ಕಾಲ ಎತ್ತಿದೆ. ಅರ್ಧ ಸೆಕೆಂಡು ಅಲ್ಲೇ ಬಿದ್ದದ. ಗಾಡಿ ತನ್ನ ಪಾಲಿಂದು ಕೊಟ್ಟದ, ನನ್ನ ಪಾಲಿಂದ ಬಾಕಿ ಅದ. ಈಗ ಜಿಗಿಯೂ ಗಾಡಿ ಕೊಟ್ರ ನಾ ಮತ್ತ ಹೊಸಾ ಮನುಷ್ಯಾ ಆಗಿಬಿಡತೀನಿ. ಅಂವಂಗ ಈ ಡ್ರಮ್ಮು ಗುರತ ಇಲ್ಲ."

ಉಸ್ತಾದರು ಜೆಟ್ಟನ್ನು ಕಿಸೆಗೆ ಹಾಕಿಕೊಂಡು, ಜೀವಮಾನದಲ್ಲಿ ಮೊದಲ ಸಲ ತಮ್ಮ ಥರ್ಮಾಸಿನ ಚಹಾವನ್ನು ಗಿರಾಕಿಗೆ ತಾವೇ ಬಗ್ಗಿಸಿ ಕೊಟ್ಟರು. ಮಹಾರುದ್ರಪ್ಪ ಪೂರ್ತಿ ಕುಡಿದರು.

ಬಾವುಟ ಇಳಿಯಿತು. ನಾನು ಗಡಿಯಾರದ ಮುಳ್ಳನ್ನೂ ನೋಡುತ್ತಿದ್ದೆ, ಗಾಡಿಯನ್ನೂ ನೋಡುತ್ತಿದ್ದೆ. ಅದಕ್ಕೇ ಇರಬೇಕು, ಆಮೇಲೆ ಮೂರು ದಿನ ನನ್ನ ಒಂದು ಕಣ್ಣು ಬೀದರಿಗೂ ಇನ್ನೊಂದು ಗುಲ್ಬರ್ಗಕ್ಕೂ ಮುಖ ಮಾಡಿದ್ದವು. ಎಂಟನೆಯದನ್ನು ಸುತ್ತಿದಾಗ ಮಂಡಳಿಯವರೆಲ್ಲ ಎದ್ದು ನಿಂತಿದ್ದರು. ವಾಪಸ್ಸು ಬರುತ್ತ ಏಳನೇ ಡ್ರಮ್ಮಿಗೆ ಗಾಡಿ ತಡೆಯಲಿಲ್ಲ. ಡ್ರಮ್ಮಿನ ಬಣ್ಣಕ್ಕೂ ಗಾಡಿಯ ಬಣ್ಣಕ್ಕೂ ನಡುವೆ ಒಂದು ಅಂಗಿಯ ಬಟ್ಟೆಯ ದಪ್ಪದಷ್ಟೇ ಜಾಗ.

ಐವತ್ತೊಂಬತ್ತೂವರೆ.

ನಾನು ಮೂರು ಸಲ ಓದಿ ಕೂಗಿದೆ. ದಿಗಂಬರ ರುಮಾಲು ಬಿಚ್ಚಿ ಮೇಲೆ ಹಾರಿಸಿದ. ಅದು ಇನ್ನೂ ಇಳಿದಿಲ್ಲ ಅಂತ ಹುಡಗಿಯವರು ಹೇಳುತ್ತಾರೆ. ಸಂಗಮ್ಮ ಮಾತ್ರ ಜನರನ್ನು ಸರಿಸಿಕೊಂಡು ಬಂದು, ಕಿಟಕಿಯೊಳಗೆ ಕೈ ಹಾಕಿ ಗಂಡನ ಮಣಿಕಟ್ಟು ಹಿಡಿದು, ಗಡಿಯಾರ ನೋಡುತ್ತ ನಾಡಿ ಎಣಿಸಿದರು. "ನೂರಾ ಹತ್ತು," ಅಂದರು. "ಸ್ವಲ್ಪ ಹೊತ್ತು ಕುಂದರ್ರಿ. ಏಳಬ್ಯಾಡ್ರಿ."

ಹೈದರಾಬಾದಿನಲ್ಲಿ ಇಪ್ಪತ್ತಮೂರು ಗಾಡಿ ಬಂದಿದ್ದವು. ಕೆಲವಕ್ಕೆ ಸೀಟೇ ಇರಲಿಲ್ಲ, ಕೆಲವಕ್ಕೆ ಬಾಗಿಲಿರಲಿಲ್ಲ, ಒಂದಕ್ಕೆ ನನ್ನ ಕಣ್ಣಿಗೆ ಗಾಡಿಯೇ ಇರಲಿಲ್ಲ, ಬರೀ ಸಪ್ಪಳ. ಅವುಗಳ ನಡುವೆ ನಮ್ಮ ಫಿಯಾಟ್ ನಂಬರ್ ಬರೆದ ಕಾಗದ ಅಂಟಿಸಿಕೊಂಡು ನಿಂತಿತ್ತು. ಮಹಾರುದ್ರಪ್ಪ ಹದಿನೇಳನೆಯವರಾದರು. ಎರಡು ಸುತ್ತಿಗೂ ಒಂದೇ ಸಮಯ, ಕಾಲು ಸೆಕೆಂಡಿನ ಫರಕಿಲ್ಲ. ಅಲ್ಲಿನ ಗಡಿಯಾರದವರು ತಮ್ಮ ಗಡಿಯಾರ ಕೆಟ್ಟಿದೆ ಅಂತ ಬದಲಿಸಿದರಂತೆ.

ಸೋಮವಾರ ಬೆಳಿಗ್ಗೆ ಹಿಂದಿನ ಸೀಟು ಜಾಗಕ್ಕೆ ಕೂತಿತ್ತು. ಅವರು ಸಂಗಮ್ಮನನ್ನು ರಾಜೇಶ್ವರಕ್ಕೆ ಬಿಡಲು ಹೊರಟರು. ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬರ ಎದುರೂ ಗಾಡಿ ನಿಲ್ಲಿಸಿ, ತಮ್ಮ ಹಿಂದೆ ಬಿದ್ದ ಆರು ಗಾಡಿಗಳ ಬಣ್ಣ, ನಂಬರ್, ಮಾಲಿಕರ ಹೆಸರು ಎಲ್ಲ ಹೇಳಿದರು. ಸಂಗಮ್ಮ ಆವತ್ತು ಡ್ಯೂಟಿಗೆ ಮುಟ್ಟಿದ್ದು ಮುಕ್ಕಾಲು ಗಂಟೆ ತಡವಾಗಿ.